ಎಎಂ ಡಿಟೆಕ್ಟರ್ ಔಟ್‌ಪುಟ್‌ನ ಕೆಳತುದಿ ಚಪ್ಪಟೆ ಆಗ್ತದೆ, ಆರ್‌ಸಿ ಸರಿ ಉಂಟು – ಮತ್ತೆ ಎಂತ ಕಾರಣ?

ನಾಲ್ಕನೇ_ಸೆಮ್_ಉಡುಪಿ
ಅನಲಾಗ್ ಕಮ್ಯುನಿಕೇಶನ್ ಲ್ಯಾಬ್‌ನ ಎನ್ವಲಪ್ ಡಿಟೆಕ್ಟರ್ ಪ್ರಯೋಗ (ಎಎಂ, ಅಂದರೆ ಆಂಪ್ಲಿಟ್ಯೂಡ್ ಮಾಡ್ಯುಲೇಶನ್ ತರಂಗದ ಹೊರ ಅಂಚಾದ ಎನ್ವಲಪ್‌ನಿಂದ ಮೆಸೇಜ್ ವಾಪಸ್ ತೆಗೆಯುವ ಸರ್ಕ್ಯೂಟ್). ಫಂಕ್ಷನ್ ಜನರೇಟರ್ ಎಎಂ ಮೋಡ್‌ನಲ್ಲಿ ಉಂಟು: ಕ್ಯಾರಿಯರ್ 455 ಕಿಲೋಹರ್ಟ್ಸ್, ಮೆಸೇಜ್ 1 ಕಿಲೋಹರ್ಟ್ಸ್ ಸೈನ್, ಡೆಪ್ತ್ (ಮಾಡ್ಯುಲೇಶನ್‌ನ ಆಳ) ಶೇ. 80, ಆಂಪ್ಲಿಟ್ಯೂಡ್ 4 ವೋಲ್ಟ್ ಪೀಕ್ ಟು ಪೀಕ್. ಡಯೋಡ್ ಒಎ79, ಲೋಡ್ 10 ಕಿಲೋಓಮ್, ಅದಕ್ಕೆ ಅಡ್ಡ 10 ನ್ಯಾನೊಫ್ಯಾರಡ್. ಅಲ್ಲಿಂದ 10 ಮೈಕ್ರೊಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್, 10 ಕಿಲೋಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಪಾಟ್‌ನ ನಡುಗಾಲಿನಿಂದ ಎಲ್‌ಎಂ386 ಆಡಿಯೊ ಆಂಪ್ಲಿಫೈಯರ್.
ಔಟ್‌ಪುಟ್‌ನ ಮೇಲ್ತುದಿ ಚಂದ ದುಂಡಗೆ ಬರ್ತದೆ, ಕೆಳತುದಿ ಕತ್ತರಿಸಿದ ಹಾಗೆ ಚಪ್ಪಟೆ. ಆರ್‌ಸಿ (ಲೋಡ್ × ಕೆಪಾಸಿಟರ್) 2.2 ಮೈಕ್ರೊಸೆಕೆಂಡ್‌ಗಿಂತ ತುಂಬ ಹೆಚ್ಚು, 1 ಮಿಲಿಸೆಕೆಂಡ್‌ಗಿಂತ ತುಂಬ ಕಡಿಮೆ ಇರಬೇಕು ಅಂತ ನೋಟ್ಸ್‌ನಲ್ಲಿ ಉಂಟು. ನನ್ನದು 100 ಮೈಕ್ರೊಸೆಕೆಂಡ್, ನಡುವೆಯೇ ಬಂತಲ್ಲ? ಕೆಪಾಸಿಟರ್ ಬದಲಿಸಿ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಹಳದಿ_ಐಎಫ್‌ಟಿ
ಆರ್‌ಸಿಗೆ ಕೈ ಹಾಕುವುದು ಸದ್ಯಕ್ಕೆ ಬೇಡ. ಕೆಳತುದಿ ಹಾಳಾಗಲಿಕ್ಕೆ ನಾಲ್ಕು ಬೇರೆ ಬೇರೆ ಕಾರಣ ಉಂಟು. ಸ್ಕೋಪ್‌ನಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣ್ತವೆ, ಲ್ಯಾಬ್ ರೆಕಾರ್ಡ್‌ಗಳಲ್ಲಿ ನಾಲ್ಕಕ್ಕೂ ‘ಡಯಾಗನಲ್ ಕ್ಲಿಪ್ಪಿಂಗ್’ ಅಂತಲೇ ಬರೆದಿರ್ತದೆ.

ಮೊದಲು ಡಯಾಗನಲ್ ಹೌದೋ ಅಲ್ಲವೋ ಲೆಕ್ಕ ಹಾಕಿ. ನೋಟ್ಸ್‌ನ ‘ನಡುವೆ ಇರಬೇಕು’ ಅನ್ನುವುದು ಬರೀ ಅಂದಾಜು, ಅದರಲ್ಲಿ ಮಾಡ್ಯುಲೇಶನ್ ಇಂಡೆಕ್ಸ್ (ಎಂ, ಅಂದರೆ ಡೆಪ್ತ್‌ನ ಶೇಕಡಾ ÷ 100) ಇಲ್ಲವೇ ಇಲ್ಲ. ಸರಿಯಾದ ಮಿತಿ ಹೀಗೆ:

ಆರ್‌ಸಿ ≤ √(1 − ಎಂ²) ÷ (6.28 × ಎಂ × ಮೆಸೇಜ್ ಫ್ರೀಕ್ವೆನ್ಸಿ)

ಎಂ 0.8, ಮೆಸೇಜ್ 1000 ಹರ್ಟ್ಸ್ ಹಾಕಿದರೆ 0.6 ÷ 5026, ಅಂದರೆ 119 ಮೈಕ್ರೊಸೆಕೆಂಡ್. ನಿಮ್ಮ 100 ಅದರೊಳಗೆ ಬಂತು, ಸ್ವಲ್ಪದರಲ್ಲಿ. ಹಾಗಾಗಿ ಈಗಿನ ತಪ್ಪು ಆರ್‌ಸಿಯದ್ದಲ್ಲ. ಡೆಪ್ತ್ ಶೇ. 90 ಮಾಡಿದರೆ ಮಿತಿ 77ಕ್ಕೆ ಇಳಿಯುತ್ತದೆ, ಆಗ ಅದೇ 10 ನ್ಯಾನೊ ನಿಜಕ್ಕೂ ತಪ್ಪಾಗ್ತದೆ.

ಡಯಾಗನಲ್ ಕ್ಲಿಪ್ಪಿಂಗ್‌ನ ಗುರುತು ಬೇರೆಯೇ. ಎನ್ವಲಪ್ ಇಳಿಯುವಷ್ಟು ಬೇಗ ಕೆಪಾಸಿಟರ್ ಖಾಲಿಯಾಗುವುದಿಲ್ಲ, ಹೊಳೆ ಇಳಿದರೂ ಗದ್ದೆಯ ನೀರು ಇಳಿಯದ ಹಾಗೆ. ಆದ್ದರಿಂದ ತರಂಗದ ಇಳಿಜಾರು ಬದಿ ಮಾತ್ರ ಓರೆ ಗೆರೆಯಾಗಿ ಎಳೆದುಕೊಂಡು ಹೋಗಿ, ಮುಂದಿನ ಏರಿಕೆಯಲ್ಲಿ ತಟ್ಟನೆ ಸೇರಿಕೊಳ್ತದೆ. ಎರಡೂ ಬದಿ ಸಮವಾಗಿ ಕತ್ತರಿಸಿ ಅಡಿ ಚಪ್ಪಟೆ ಆಗಿದ್ದರೆ ಅದು ಡಯಾಗನಲ್ ಅಲ್ಲ. ಮೆಸೇಜನ್ನು 200 ಹರ್ಟ್ಸ್‌ಗೆ ಇಳಿಸಿ ನೋಡಿ. ಡಯಾಗನಲ್ ಆದರೆ ಮಾಯವಾಗಬೇಕು.

ನಾಲ್ಕನೇ_ಸೆಮ್_ಉಡುಪಿ
200 ಹರ್ಟ್ಸ್‌ನಲ್ಲೂ ಅಷ್ಟೇ ಚಪ್ಪಟೆ ಸರ್. ಎರಡೂ ಬದಿ ಸಮ.

ಶಂಕರಪುರ_ಮಲ್ಲಿಗೆ
ಹಾಗಾದರೆ ನಿಮ್ಮ ಪಾಟ್ ನೋಡಿ. ಇದು ನೆಗೆಟಿವ್ ಪೀಕ್ ಕ್ಲಿಪ್ಪಿಂಗ್, ಡಿಸಿ ಲೋಡ್ ಮತ್ತು ಎಸಿ ಲೋಡ್ ಬೇರೆಯಾದಾಗ ಬರುವುದು. ಸೂತ್ರ ಎಲ್ಲರಿಗೂ ಬಾಯಿಪಾಠ, ಯಾಕೆ ಅಂತ ಕೇಳಿದರೆ ವೈವಾದಲ್ಲಿ ಮೌನ.

10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಮೆಸೇಜ್ ಸೈಕಲ್‌ನೊಳಗೆ ಖಾಲಿಯಾಗುವುದಿಲ್ಲ. ಕ್ಯಾರಿಯರ್‌ನ ಸರಾಸರಿ ಮಟ್ಟಕ್ಕೆ ಚಾರ್ಜ್ ಆಗಿ ಕೂತುಬಿಡ್ತದೆ, ಅದನ್ನು ಒಂದು ಬ್ಯಾಟರಿ ಅಂತಲೇ ಲೆಕ್ಕ ಹಾಕಿ. ಕ್ಯಾರಿಯರ್ ಪೀಕ್ 1 ವೋಲ್ಟ್ ಅಂತ ಇಟ್ಟುಕೊಳ್ಳಿ, ಆಗ ಕೆಪಾಸಿಟರ್‌ನಲ್ಲಿ 1 ವೋಲ್ಟ್. ಈ ‘ಬ್ಯಾಟರಿ’ ನಿಮ್ಮ ಡಯೋಡ್ ಲೋಡ್ 10 ಕಿಲೋ ಮತ್ತು ಪಾಟ್ 10 ಕಿಲೋ ಎರಡರ ಮೂಲಕ ಕರೆಂಟ್ ಹರಿಸ್ತದೆ. ಡಯೋಡ್ ಲೋಡ್‌ನ ಪಾಲಿಗೆ ಅರ್ಧ, ಅಂದರೆ 0.5 ವೋಲ್ಟ್ ಬಂತು. ಈಗ ಎನ್ವಲಪ್ 0.5ಕ್ಕಿಂತ ಕೆಳಗೆ ಇಳಿದಾಗ ಡಯೋಡ್‌ನ ಕ್ಯಾಥೋಡ್ ಆನೋಡ್‌ಗಿಂತ ಮೇಲೆಯೇ ಉಳೀತದೆ. ಡಯೋಡ್ ಬಂದ್. ಔಟ್‌ಪುಟ್ 0.5ರಲ್ಲಿ ಅಂಟಿಕೊಂಡು ಕೂರ್ತದೆ, ಅದೇ ನಿಮ್ಮ ಚಪ್ಪಟೆ ತಳ.

ಹಾಗಾಗಿ ಕತ್ತರಿಸದೆ ಬರುವ ಗರಿಷ್ಠ ಇಂಡೆಕ್ಸ್ = ಎಸಿ ಲೋಡ್ ÷ ಡಿಸಿ ಲೋಡ್. ನಿಮ್ಮಲ್ಲಿ ಎಸಿ ಲೋಡ್ ಅಂದರೆ 10ಕ್ಕೆ ಸಮಾಂತರ 10, 5 ಕಿಲೋ. ಅನುಪಾತ 0.5. ಪಾಟ್ ಪೂರ್ತಿ ಮೇಲಿದ್ದರೆ ಎಲ್‌ಎಂ386ರ 50 ಕಿಲೋ ಇನ್‌ಪುಟ್ ರೆಸಿಸ್ಟೆನ್ಸ್ ಕೂಡ ಸೇರಿ ಇನ್ನೂ ಸ್ವಲ್ಪ ಇಳೀತದೆ. ಶೇ. 80 ಡೆಪ್ತ್ ಕೊಟ್ಟರೆ ಕತ್ತರಿಸದೆ ಇನ್ನೇನು? ಈ ಸೂತ್ರದಲ್ಲಿ ಫ್ರೀಕ್ವೆನ್ಸಿ ಎಲ್ಲಿಯೂ ಇಲ್ಲ, ಅದಕ್ಕೇ 200 ಹರ್ಟ್ಸ್‌ನಲ್ಲೂ ಬದಲಾಗಲಿಲ್ಲ.

ಪರೀಕ್ಷೆ ಸುಲಭ: ಕಪ್ಲಿಂಗ್ ಕೆಪಾಸಿಟರ್‌ನ ಒಂದು ಕಾಲು ಬ್ರೆಡ್‌ಬೋರ್ಡ್‌ನಿಂದ ಎಳೆಯಿರಿ, 10 ಕಿಲೋ ಲೋಡ್‌ನ ಮೇಲೆಯೇ ಪ್ರೋಬ್ ಇಡಿ.

ನಾಲ್ಕನೇ_ಸೆಮ್_ಉಡುಪಿ
ಕೆಪಾಸಿಟರ್ ತೆಗೆದ ಮೇಲೆ ತುಂಬ ಸುಧಾರಿಸಿತು ಮೇಡಂ. ಆದರೂ ತುದಿಯಲ್ಲಿ ಒಂಚೂರು ಚಪ್ಪಟೆ ಉಳಿದಿದೆ.
ಇನ್‌ಪುಟ್ ಅಳೆದೆ: ಎನ್ವಲಪ್ ಅಗಲವಿರುವಲ್ಲಿ 3.6 ವೋಲ್ಟ್, ಕಿರಿದಾದಲ್ಲಿ 0.4 ವೋಲ್ಟ್, ಎರಡೂ ಪೀಕ್ ಟು ಪೀಕ್. 3.2 ÷ 4.0 = 0.8, ಡೆಪ್ತ್ ಸರಿ ಉಂಟು.

ಸುರತ್ಕಲ್_ಸ್ಕೋಪ್
ಉಳಿದ ಕಾರಣ ನಿಮ್ಮ ಅಳತೆಯಲ್ಲೇ ಉಂಟು. ಕಿರಿದಾದಲ್ಲಿ 0.4 ಪೀಕ್ ಟು ಪೀಕ್ ಅಂದರೆ ಪೀಕ್ ಬರೀ 0.2 ವೋಲ್ಟ್. ಜರ್ಮೇನಿಯಮ್ ಡಯೋಡ್ ಆದರೂ ಸರಿಯಾಗಿ ನಡೆಸಲಿಕ್ಕೆ 0.2ರಿಂದ 0.3 ವೋಲ್ಟ್ ಬೇಕು. ತಗ್ಗಿನಲ್ಲಿ ಡಯೋಡ್ ತೆರೆಯುವುದೇ ಇಲ್ಲ.

4 ವೋಲ್ಟ್ ಕೊಟ್ಟೆ, ಕ್ಯಾರಿಯರ್ ಯಾಕೆ 2 ಮಾತ್ರ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಲವು ಡಿಜಿಟಲ್ ಜನರೇಟರ್‌ಗಳಲ್ಲಿ ಎಎಂ ಮೋಡ್‌ಗೆ ಹೋದ ಕೂಡಲೆ ಪರದೆಯ ಆಂಪ್ಲಿಟ್ಯೂಡ್ ಅಂದರೆ ಶೇ. 100 ಡೆಪ್ತ್‌ನಲ್ಲಿ ಎನ್ವಲಪ್‌ನ ತುತ್ತತುದಿ ಅಂತ ಅರ್ಥ. ಬರೀ ಕ್ಯಾರಿಯರ್ ಅದರ ಅರ್ಧ. ಇದರ ಮೇಲೆ ಔಟ್‌ಪುಟ್ ಲೋಡ್ ಸೆಟ್ಟಿಂಗ್ ಬೇರೆ: 50 ಓಮ್ ಅಂತ ಇದ್ದು ನೀವು ಕಿಲೋಓಮ್ ಲೋಡ್ ಹಾಕಿದರೆ ಪರದೆಯಲ್ಲಿ ಇರುವುದರ ಎರಡು ಪಟ್ಟು ಹೊರಗೆ ಬರ್ತದೆ. ನಿಮ್ಮದು ಹೈ ಇಂಪಿಡೆನ್ಸ್ ಸೆಟ್ಟಿಂಗ್‌ನಲ್ಲೇ ಇರಬೇಕು, ಅಳತೆ ಸರಿಹೊಂದುತ್ತದೆ. ಪರದೆ ಏನು ಹೇಳಿದರೂ ಸ್ಕೋಪ್‌ನಲ್ಲಿ ಅಳೆದದ್ದನ್ನೇ ರೆಕಾರ್ಡ್‌ಗೆ ಬರೆಯಿರಿ.

ಸೆಟ್ಟಿಂಗ್ 16 ವೋಲ್ಟ್ ಮಾಡಿ. ಕ್ಯಾರಿಯರ್ ಪೀಕ್ 4 ವೋಲ್ಟ್, ಶೇ. 80ರಲ್ಲಿ ತಗ್ಗು 0.8 ವೋಲ್ಟ್. ಡಯೋಡ್‌ಗೆ ಅಷ್ಟು ಸಾಕು.

ಹಳದಿ_ಐಎಫ್‌ಟಿ
ಆದರೆ 16 ಮಾಡಿ ಆ ಪಾಟನ್ನು ಹಾಗೇ ವಾಪಸ್ ಸೇರಿಸಬೇಡಿ ಮಾರಾಯ್ರೆ. ಆಡಿಯೊ ಈಗ 3 ವೋಲ್ಟ್ ಪೀಕ್ ಹತ್ತಿರ ಬರ್ತದೆ. ಎಲ್‌ಎಂ386ರ ಇನ್‌ಪುಟ್‌ಗೆ ±0.4 ವೋಲ್ಟ್ ಅಂತಿಮ ಮಿತಿ.

ಕಪ್ಲಿಂಗ್ ಕೆಪಾಸಿಟರ್ ಆದ ಮೇಲೆ, ಪಾಟ್‌ನ ಮೇಲ್ಗಾಲಿಗೆ ಮೊದಲು, 100 ಕಿಲೋಓಮ್ ಸರಣಿಯಲ್ಲಿ ಹಾಕಿ. ಎರಡು ಕೆಲಸ ಒಟ್ಟಿಗೆ ಆಗ್ತದೆ. ಎಸಿ ಲೋಡ್ 10ಕ್ಕೆ ಸಮಾಂತರ 110, ಅಂದರೆ ಸುಮಾರು 9.2 ಕಿಲೋ, ಇಂಡೆಕ್ಸ್ 0.91ರವರೆಗೆ ಕತ್ತರಿಸುವುದಿಲ್ಲ. ಪಾಟ್‌ಗೆ ಬರುವುದು ಹನ್ನೊಂದನೇ ಒಂದು ಭಾಗ, 0.3 ವೋಲ್ಟ್‌ಗಿಂತ ಕಡಿಮೆ. ಎಲ್‌ಎಂ386ರ ಗೇನ್ 1 ಮತ್ತು 8ನೇ ಪಿನ್ ಖಾಲಿ ಬಿಟ್ಟರೆ 20, ಹಾಗಾಗಿ 9 ವೋಲ್ಟ್ ಸಪ್ಲೈಯಲ್ಲಿ ಪಾಟ್ ಅರ್ಧಕ್ಕಿಂತ ಮೇಲೆ ತಿರುಗಿಸಿದರೆ ಆಂಪ್ಲಿಫೈಯರೇ ಕ್ಲಿಪ್ ಮಾಡ್ತದೆ. ಅದು ಮೇಲೆ ಕೆಳಗೆ ಎರಡೂ ಕಡೆ ಕತ್ತರಿಸುವುದರಿಂದ ಗುರುತು ಹಿಡಿಯಬಹುದು.

ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ವಾಲ್ಯೂಮ್ ಕಂಟ್ರೋಲನ್ನೇ ಡಯೋಡ್‌ನ ಡಿಸಿ ಲೋಡ್ ಮಾಡಿ, ನಡುಗಾಲಿನಿಂದ ಕಪ್ಲಿಂಗ್ ತೆಗೆಯುತ್ತಿದ್ದರು. ವಾಲ್ಯೂಮ್ ಕಡಿಮೆ ಇಟ್ಟಾಗ ಎಸಿ ಲೋಡ್ ಹೆಚ್ಚುಕಡಿಮೆ ಡಿಸಿ ಲೋಡ್‌ನಷ್ಟೇ ಇರ್ತದೆ. ಬಿಡಿಭಾಗವೂ ಒಂದು ಉಳಿಯಿತು. ಜಾಣತನದ ಕೆಲಸ.

ಬಂಟಕಲ್_ಬ್ಯಾಚ್
ಇಲ್ಲೇ ಕೇಳ್ತೇನೆ. ಒಎ79 ಸಿಗ್ತಾ ಇಲ್ಲ. 1ಎನ್4007 ಹಾಕಿದರೆ ಔಟ್‌ಪುಟ್ ತುಂಬ ಸಣ್ಣದು, ಒಟ್ಟಿಗೆ ಕ್ಯಾರಿಯರೂ ಕಾಣ್ತದೆ. ಡಯೋಡ್ ಡಯೋಡೇ ಅಲ್ವಾ ಅಣ್ಣ?

ಬೆಸುಗೆ
ಅಲ್ಲ. 4007 ಇರುವುದು 50 ಹರ್ಟ್ಸ್ ಪವರ್ ಸಪ್ಲೈಗೆ. ನಡೆಸುವ ಸ್ಥಿತಿಯಿಂದ ಬಂದ್ ಆಗಲಿಕ್ಕೆ ಅದಕ್ಕೆ ಮೈಕ್ರೊಸೆಕೆಂಡ್‌ಗಟ್ಟಲೆ ಬೇಕು. 455 ಕಿಲೋಹರ್ಟ್ಸ್‌ನ ಪೂರ್ತಿ ಸೈಕಲೇ 2.2 ಮೈಕ್ರೊಸೆಕೆಂಡ್. ಅದು ಬಂದ್ ಆಗುವಷ್ಟರಲ್ಲಿ ನೆಗೆಟಿವ್ ಅರ್ಧ ಮುಗಿದಿರ್ತದೆ, ಕೆಪಾಸಿಟರ್‌ಗೆ ತುಂಬಿದ್ದು ವಾಪಸ್ ಹೋಗ್ತದೆ. ಮೇಲಿಂದ 0.6 ವೋಲ್ಟ್ ಡ್ರಾಪ್.

1ಎನ್34ಎ ಸಿಕ್ಕರೆ ನೇರ ಬದಲಿ. ಇಲ್ಲದಿದ್ದರೆ ಬಿಎಟಿ85ರಂಥ ಸಣ್ಣ ಶಾಟ್ಕಿ ಡಯೋಡ್ ತೆಗೊಳ್ಳಿ, ಸಣ್ಣ ಕರೆಂಟ್‌ಗೆ 0.2–0.3 ವೋಲ್ಟ್‌ನಲ್ಲಿ ತೆರೀತದೆ, ವೇಗಕ್ಕೆ ತೊಂದರೆಯೇ ಇಲ್ಲ. 1ಎನ್4148 ಎಲ್ಲ ಅಂಗಡಿಯಲ್ಲಿ ಉಂಟು, 4 ನ್ಯಾನೊಸೆಕೆಂಡ್‌ನಲ್ಲಿ ಬಂದ್ ಆಗ್ತದೆ, ಆದರೆ ಸಿಲಿಕಾನ್. ಕ್ಯಾರಿಯರ್ ಪೀಕ್ 4–5 ವೋಲ್ಟ್ ಕೊಡ್ಲಿಕ್ಕೆ ಆಗುವುದಾದರೆ ಮಾತ್ರ ಅದು.

ಡಬ್ಬದಲ್ಲಿ ಎಲ್ಲ ಗಾಜಿನ ಡಯೋಡ್‌ಗಳೂ ಬೆರಕೆ ಆಗಿದ್ದರೆ ಮಲ್ಟಿಮೀಟರ್‌ನ ಡಯೋಡ್ ರೇಂಜ್‌ನಲ್ಲಿ ಇಡಿ: 0.2ರಿಂದ 0.35 ತೋರಿಸಿದರೆ ಜರ್ಮೇನಿಯಮ್ ಅಥವಾ ಶಾಟ್ಕಿ, 0.55ರಿಂದ 0.7 ಆದರೆ ಸಿಲಿಕಾನ್. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಹಳೇ ಡಯೋಡ್‌ನ ಕಾಲು ಕಪ್ಪಾಗಿರ್ತದೆ, ಬ್ರೆಡ್‌ಬೋರ್ಡ್‌ನ ಕ್ಲಿಪ್ ಕೂಡ ಹಾಗೇ. ನಯವಾದ ಮರಳು ಕಾಗದದಲ್ಲಿ ಎರಡು ಸಲ ಉಜ್ಜಿ. ಔಟ್‌ಪುಟ್ ಮುಟ್ಟಿದರೆ ಬರ್ತದೆ, ಬಿಟ್ಟರೆ ಹೋಗ್ತದೆ ಅನ್ನುವ ದೂರಿನಲ್ಲಿ ಅರ್ಧ ಇದೇ.

ಇನ್ನೊಂದು. ಜನರೇಟರ್‌ನಿಂದ ಡಯೋಡ್‌ಗೆ ಕೆಪಾಸಿಟರ್ ಮೂಲಕ ಕೊಟ್ಟಿದ್ದರೆ ಅದನ್ನು ತೆಗೆಯಿರಿ, ಅಥವಾ ಡಯೋಡ್‌ನ ಆನೋಡ್‌ನಿಂದ ಗ್ರೌಂಡ್‌ಗೆ 1 ಕಿಲೋ ಹಾಕಿ. ಡಿಸಿಗೆ ವಾಪಸ್ ದಾರಿ ಇಲ್ಲದಿದ್ದರೆ ಆ ಕೆಪಾಸಿಟರೇ ಚಾರ್ಜ್ ಆಗಿ ಡಯೋಡನ್ನು ಬಂದ್ ಮಾಡ್ತದೆ. ಐಎಫ್‌ಟಿಯ (455 ಕಿಲೋಹರ್ಟ್ಸ್‌ಗೆ ಟ್ಯೂನ್ ಮಾಡುವ ಸಣ್ಣ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯಿಂದ ತೆಗೆದರೆ ಈ ಸಮಸ್ಯೆ ಇಲ್ಲ, ಸುರುಳಿಯೇ ದಾರಿ.

ಬಂಟಕಲ್_ಬ್ಯಾಚ್
ಶಾಟ್ಕಿ ಹಾಕಿ ಸರಿ ಆಯ್ತು. ಆದರೆ ಸ್ಕೋಪ್‌ನಲ್ಲಿ ಎಎಂ ತರಂಗ ನಿಲ್ಲುವುದೇ ಇಲ್ಲ, ಓಡ್ತಾ ಇರ್ತದೆ. ಆಟೋಸೆಟ್ ಒತ್ತಿದರೆ ಬರೀ ನೀಲಿ ಪಟ್ಟಿ. ಒಬ್ಬನಿಗೆ ಕ್ಯಾರಿಯರ್ 45 ಕಿಲೋಹರ್ಟ್ಸ್ ಅಂತ ಬೇರೆ ಬಂತು.

ಸುರತ್ಕಲ್_ಸ್ಕೋಪ್
ಓಡುವುದು ಟ್ರಿಗರ್‌ನಿಂದ. ಸ್ಕೋಪ್ ಕ್ಯಾರಿಯರ್‌ನ ಯಾವುದೋ ಒಂದು ಸೈಕಲ್‌ಗೆ ಟ್ರಿಗರ್ ಆಗ್ತಾ ಉಂಟು, ಎನ್ವಲಪ್ ಪ್ರತಿ ಸಲ ಬೇರೆ ಜಾಗದಲ್ಲಿ ಬೀಳ್ತದೆ. ಮೆಸೇಜನ್ನು ಎರಡನೇ ಚಾನೆಲ್‌ಗೆ ಕೊಟ್ಟು ಟ್ರಿಗರ್ ಸೋರ್ಸ್ ಅದನ್ನೇ ಇಡಿ. ಜನರೇಟರ್ ಒಳಗಿನ ಮೆಸೇಜ್ ಬಳಸಿದರೆ ಹಲವು ಜನರೇಟರ್‌ಗಳಲ್ಲಿ ಅದು ಹೊರಗೆ ಸಿಗುವುದಿಲ್ಲ. ಡಿಟೆಕ್ಟರ್ ಔಟ್‌ಪುಟ್‌ನಿಂದಲೇ ಟ್ರಿಗರ್ ಮಾಡಬಹುದು. ಅದಕ್ಕಿಂತ ಒಳ್ಳೆಯದು ಮೆಸೇಜ್‌ಗೆ ಬೇರೆ ಜನರೇಟರ್ ತೆಗೊಂಡು ಎಕ್ಸ್‌ಟರ್ನಲ್ ಮಾಡ್ಯುಲೇಶನ್ ಸಾಕೆಟ್‌ಗೆ ಕೊಡುವುದು.

45ರ ಲೆಕ್ಕ ಚಂದ ಉಂಟು ನೋಡಿ. ಲ್ಯಾಬ್‌ನ ಸಣ್ಣ ಡಿಎಸ್‌ಒಗಳಲ್ಲಿ (ಡಿಜಿಟಲ್ ಸ್ಕೋಪ್) ಕೆಲವಕ್ಕೆ 2500 ಪಾಯಿಂಟ್ ಮೆಮೊರಿ ಮಾತ್ರ. ಡಿವಿಷನ್‌ಗೆ 1 ಮಿಲಿಸೆಕೆಂಡ್ ಇಟ್ಟರೆ ಹತ್ತು ಡಿವಿಷನ್‌ಗೆ 10 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಎರಡೂವರೆ ಲಕ್ಷ ಸ್ಯಾಂಪಲ್. 455 ಕಿಲೋಹರ್ಟ್ಸ್‌ಗೆ ಕನಿಷ್ಠ 9.1 ಲಕ್ಷಕ್ಕಿಂತ ಹೆಚ್ಚು ಬೇಕು. ಆಗ 500 − 455 = 45 ಕಿಲೋಹರ್ಟ್ಸ್‌ನ ಸುಳ್ಳು ತರಂಗ ಪರದೆ ಮೇಲೆ ಬರ್ತದೆ. ಸ್ಯಾಂಪ್ಲಿಂಗ್ ಥಿಯರಿ ಡಿಜಿಟಲ್ ಕಮ್ಯುನಿಕೇಶನ್ ಪೇಪರಿಗೆ ಅಂತ ಬಿಟ್ಟವರಿಗೆ ಇಲ್ಲೇ ಸಿಕ್ಕಿತು. ಎನ್ವಲಪ್ ನೋಡ್ಲಿಕ್ಕೆ 200 ಮೈಕ್ರೊಸೆಕೆಂಡ್ ಇಡಿ, 1 ಕಿಲೋಹರ್ಟ್ಸ್‌ನ ಎರಡು ಸೈಕಲ್ ಬರ್ತದೆ, ಸ್ಯಾಂಪಲ್ 12.5 ಲಕ್ಷ. ಅಕ್ವೈರ್ ಮೆನುವಿನಲ್ಲಿ ಪೀಕ್ ಡಿಟೆಕ್ಟ್ ಹಾಕಿ. ಕ್ಯಾರಿಯರ್ ಫ್ರೀಕ್ವೆನ್ಸಿ ಅಳೀಲಿಕ್ಕೆ ಡೆಪ್ತ್ ಸೊನ್ನೆ ಮಾಡಿ 1 ಮೈಕ್ರೊಸೆಕೆಂಡ್‌ಗೆ ಬನ್ನಿ.

ಶಂಕರಪುರ_ಮಲ್ಲಿಗೆ
ಮೆಸೇಜ್ ಹೊರಗಿನ ಜನರೇಟರ್‌ನದ್ದಾದರೆ ಟ್ರೆಪಿಜಾಯ್ಡ್ ಕೂಡ ತೆಗೆಯಿರಿ. ಎಕ್ಸ್‌-ವೈ ಮೋಡ್, ಎಕ್ಸ್‌ಗೆ ಮೆಸೇಜ್, ವೈಗೆ ಎಎಂ. ಉದ್ದದ ಬದಿ ಮತ್ತು ಗಿಡ್ಡ ಬದಿಯ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎಂ. ಇದರ ನಿಜವಾದ ಉಪಯೋಗ ಎಂ ಅಳೆಯುವುದಲ್ಲ, ಮಾಡ್ಯುಲೇಟರ್‌ನ ದೋಷ ಹಿಡಿಯುವುದು. ಓರೆ ಅಂಚುಗಳು ನೇರ ಇದ್ದರೆ ಮಾಡ್ಯುಲೇಟರ್ ಲೀನಿಯರ್. ಬಾಗಿದ್ದರೆ ನಾನ್‌ಲೀನಿಯರ್. ಅಂಚು ಒಂದರ ಬದಲು ಎರಡಾಗಿ ದೀರ್ಘವೃತ್ತದ ಹಾಗೆ ಬಿಚ್ಚಿಕೊಂಡರೆ ಮೆಸೇಜ್ ಮತ್ತು ಎನ್ವಲಪ್ ನಡುವೆ ಫೇಸ್ ವ್ಯತ್ಯಾಸ. ತ್ರಿಕೋನವಾಗಿ, ಮೂತಿಯಿಂದ ಗೆರೆಯೊಂದು ಮುಂದೆ ಚಾಚಿದರೆ ಓವರ್ ಮಾಡ್ಯುಲೇಶನ್ (ಎಂ 1ಕ್ಕಿಂತ ಹೆಚ್ಚು). ಹಳದಿ ಸರ್ ಹೇಳಿದ ನಾಲ್ಕನೇ ಕಾರಣ ಇದೇ: ಕೆಳತುದಿ ಟ್ರಾನ್ಸಿಸ್ಟರ್ ಮಾಡ್ಯುಲೇಟರ್‌ನಲ್ಲೇ ಹೋಗಿದ್ದರೆ ಡಿಟೆಕ್ಟರ್‌ನಲ್ಲಿ ಎಷ್ಟು ತಡಕಾಡಿದರೂ ಸಿಗಲಿಕ್ಕಿಲ್ಲ.

ಕಲ್ಯಾಣಪುರ_ಕಾಯಿಲ್
ಟ್ರಾನ್ಸಿಸ್ಟರ್ ಮಾಡ್ಯುಲೇಟರ್ ಮಾಡುವವರು ಐಎಫ್‌ಟಿಗೆ 10ಎಕ್ಸ್ ಪ್ರೋಬ್ ಇಟ್ಟೂ ಮೋಸ ಹೋಗ್ತಾರೆ. ಡಬ್ಬಿಯ ಅಡಿಯ ಕೆಪಾಸಿಟರ್ 180 ಪಿಕೊಫ್ಯಾರಡ್ ಅಂತ ಇಟ್ಟುಕೊಳ್ಳಿ. 455ಕ್ಕೆ ಟ್ಯೂನ್ ಆದ ಪ್ರೈಮರಿಯ ಅಡ್ಡ 15 ಪಿಕೊಫ್ಯಾರಡ್ ಪ್ರೋಬ್ ಇಟ್ಟ ಕೂಡಲೆ ಅದು 437 ಕಿಲೋಹರ್ಟ್ಸ್‌ಗೆ ಜಾರ್ತದೆ. 1ಎಕ್ಸ್ ಆದರೆ ಕೇಳುವುದೇ ಬೇಡ, 100 ಪಿಕೊ ಹತ್ತಿರ. ಯಾವಾಗಲೂ ಎರಡು ಕಾಲಿರುವ ಬದಿಯಲ್ಲಿ, ಸೆಕೆಂಡರಿಯಲ್ಲಿ ಅಳೆಯಿರಿ. ಮೂರು ಕಾಲಿನ ಬದಿ ಪ್ರೈಮರಿ.

ಐಎಫ್‌ಟಿಯ ಫೆರೈಟ್ ತಿರುಪನ್ನು ಪ್ಲಾಸ್ಟಿಕ್ ಟೂಲ್‌ನಲ್ಲೇ ತಿರುಗಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಒಳಗಿರುವಾಗ ಪೀಕ್ ಬಂದದ್ದು ಹೊರಗೆ ತೆಗೆದಾಗ ಇರುವುದಿಲ್ಲ. ಫೆರೈಟ್ ಒಮ್ಮೆ ಬಿರುಕು ಬಿಟ್ಟರೆ ಆ ಡಬ್ಬಿ ಬಿಸಾಡುವುದೇ.

ಮೆಸೇಜ್ ಫ್ರೀಕ್ವೆನ್ಸಿ ಏರಿಸಿದ ಹಾಗೆ ಎಂ ಕಡಿಮೆ ಬರ್ತದೆ ಅನ್ನುವ ಪ್ರಶ್ನೆಯೂ ಇಲ್ಲಿಗೇ ಸೇರಿದ್ದು. ಟ್ಯೂನ್ಡ್ ಸರ್ಕ್ಯೂಟ್‌ನ ಕ್ಯೂ (ಎಷ್ಟು ಚೂಪಾಗಿ ಟ್ಯೂನ್ ಆಗ್ತದೆ ಅನ್ನುವ ಅಂಕೆ) 45 ಇದ್ದರೆ ಬ್ಯಾಂಡ್‌ವಿಡ್ತ್ ಸುಮಾರು 10 ಕಿಲೋಹರ್ಟ್ಸ್. ಮೆಸೇಜ್ 5 ಕಿಲೋಹರ್ಟ್ಸ್ ಆದರೆ ಎರಡೂ ಸೈಡ್‌ಬ್ಯಾಂಡ್ (ಕ್ಯಾರಿಯರ್‌ನ ಆಚೀಚೆ ಮೆಸೇಜ್ ಹೊತ್ತ ಫ್ರೀಕ್ವೆನ್ಸಿಗಳು) 0.707ಕ್ಕೆ ಇಳೀತವೆ, ಕ್ಯಾರಿಯರ್ ಹಾಗೇ ಇರ್ತದೆ. 0.8 ಇದ್ದದ್ದು 0.57 ಆಯ್ತು. ಸರ್ಕ್ಯೂಟ್ ತಪ್ಪಿಲ್ಲ.

ನಾಲ್ಕನೇ_ಸೆಮ್_ಉಡುಪಿ
ಎರಡು ಮೆಸೇಜ್ ಒಟ್ಟಿಗೆ ಕೊಟ್ಟರೆ ಒಟ್ಟು ಇಂಡೆಕ್ಸ್ √(ಎಂ1² + ಎಂ2²) ಅಲ್ವಾ? 0.7 ಮತ್ತು 0.7 ಕೊಟ್ಟರೆ 0.99 ಬರ್ತದೆ, ಓವರ್ ಮಾಡ್ಯುಲೇಶನ್ ಇಲ್ಲ ಅಂತ ಬರೆಯಬಹುದಾ?

ಶಂಕರಪುರ_ಮಲ್ಲಿಗೆ
ಬರೆದರೆ ಮಾರ್ಕ್ ಹೋಗ್ತದೆ. ಆ ವರ್ಗಮೂಲ ಪವರ್ ಲೆಕ್ಕಕ್ಕೆ ಮಾತ್ರ. ಎರಡು ಬೇರೆ ಬೇರೆ ಫ್ರೀಕ್ವೆನ್ಸಿಯ ತಗ್ಗುಗಳು ಒಂದೇ ಕ್ಷಣಕ್ಕೆ ಬಿದ್ದಾಗ ಎನ್ವಲಪ್ 1 − 1.4 ಆಗ್ತದೆ, ಸೊನ್ನೆಗಿಂತ ಕೆಳಗೆ. ಓವರ್ ಮಾಡ್ಯುಲೇಶನ್ ನೋಡಲು ನೇರ ಕೂಡಿಸಿ, ಪವರ್‌ಗೆ ವರ್ಗ ಕೂಡಿಸಿ. 400 ವಾಟ್ ಕ್ಯಾರಿಯರ್‌ಗೆ 0.3 ಮತ್ತು 0.4 ಇದ್ದರೆ ಒಟ್ಟು 0.5, ಪವರ್ 400 × (1 + 0.125) = 450 ವಾಟ್. ಎನ್ವಲಪ್‌ನ ಆಳ ಮಾತ್ರ 0.7. ಆಂಟೆನಾ ಕರೆಂಟ್‌ನ ಲೆಕ್ಕಕ್ಕೆ ಇದೇ ಸೂತ್ರದ ವರ್ಗಮೂಲ: 10 ಆಂಪಿಯರ್ ಇದ್ದದ್ದು 11 ಆದರೆ 1.21 = 1 + ಎಂ²/2, ಎಂ = 0.648.

ಬಂಟಕಲ್_ಬ್ಯಾಚ್
ಡಿಎಸ್‌ಬಿ-ಎಸ್‌ಸಿಯನ್ನು (ಕ್ಯಾರಿಯರ್ ಇಲ್ಲದೆ ಸೈಡ್‌ಬ್ಯಾಂಡ್ ಮಾತ್ರ ಇರುವುದು, ಮೆಸೇಜ್ 1 ಕಿಲೋಹರ್ಟ್ಸ್) ಇದೇ ಡಿಟೆಕ್ಟರ್‌ಗೆ ಕೊಟ್ಟರೆ 2 ಕಿಲೋಹರ್ಟ್ಸ್ ಬಂತು. ಅದು ಹೇಗೆ?

ಹಳದಿ_ಐಎಫ್‌ಟಿ
ಹಾಗೇ ಬರಬೇಕು. ಡಿಟೆಕ್ಟರ್‌ಗೆ ಕಾಣುವುದು ಎನ್ವಲಪ್‌ನ ಗಾತ್ರ ಮಾತ್ರ, ಚಿಹ್ನೆ ಅಲ್ಲ. 1 ಕಿಲೋಹರ್ಟ್ಸ್ ಸೈನ್‌ನ ಕೆಳಗಿನ ಅರ್ಧ ಮಡಚಿಕೊಂಡು ಮೇಲೆ ಬರ್ತದೆ, ಫುಲ್ ವೇವ್ ರೆಕ್ಟಿಫೈ ಮಾಡಿದ ಹಾಗೆ. ಅದರ ಮೂಲ ಫ್ರೀಕ್ವೆನ್ಸಿ 2 ಕಿಲೋ. ಇದಕ್ಕೆ ಕ್ಯಾರಿಯರ್‌ನಿಂದ ಮತ್ತೆ ಗುಣಿಸುವ ಸಿಂಕ್ರೊನಸ್ ಡಿಟೆಕ್ಟರ್ ಬೇಕು.

ಡಿಎಸ್‌ಬಿಯನ್ನು ಎಂಸಿ1496ರಲ್ಲಿ (ಬ್ಯಾಲೆನ್ಸ್ಡ್ ಮಾಡ್ಯುಲೇಟರ್ ಐಸಿ) ಮಾಡ್ತಿದ್ದರೆ: ಕ್ಯಾರಿಯರ್ 60 ಮಿಲಿವೋಲ್ಟ್ ಆರ್‌ಎಂಎಸ್ ಆಸುಪಾಸು ಸಾಕು, 1 ಮತ್ತು 4ನೇ ಪಿನ್ ನಡುವಿನ 50 ಕಿಲೋ ಪಾಟ್ ಅನ್ನು ಮೆಸೇಜ್ ಸೊನ್ನೆ ಇಟ್ಟು ಕ್ಯಾರಿಯರ್ ಮಾಯವಾಗುವವರೆಗೆ ತಿರುಗಿಸಿ, ಆಮೇಲೆ ಮೆಸೇಜ್ ಕೊಡಿ. ಅದಲುಬದಲು ಮಾಡಿದರೆ ಬ್ಯಾಲೆನ್ಸ್ ಬಂತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಬಂದದ್ದು ಓವರ್ ಮಾಡ್ಯುಲೇಟೆಡ್ ಎಎಂ ಅಲ್ಲ ಅಂತ ತಿಳಿಯಲಿಕ್ಕೆ ಉಬ್ಬುಗಳ ಎತ್ತರ ನೋಡಿ: ಎಲ್ಲ ಉಬ್ಬೂ ಒಂದೇ ಎತ್ತರ ಇದ್ದರೆ ಡಿಎಸ್‌ಬಿ, ದೊಡ್ಡದು-ಸಣ್ಣದು ಅಂತ ಒಂದು ಬಿಟ್ಟು ಒಂದು ಬಂದರೆ ಕ್ಯಾರಿಯರ್ ಇನ್ನೂ ಉಳಿದಿದೆ.

ಬಜ್ಪೆ_ಬ್ಯಾಂಡ್
455 ಅಂತ ಎಲ್ಲರೂ ಹಿಡಿದುಕೊಂಡಿದ್ದೀರಿ. ಎಫ್‌ಎಂ ರಿಸೀವರ್‌ಗೆ 10.7 ಮೆಗಾಹರ್ಟ್ಸ್ ಐಎಫ್ (ಇಂಟರ್‌ಮೀಡಿಯಟ್ ಫ್ರೀಕ್ವೆನ್ಸಿ, ರಿಸೀವರ್ ಪ್ರತಿ ಸ್ಟೇಷನನ್ನೂ ತಂದು ಇಳಿಸುವ ಫ್ರೀಕ್ವೆನ್ಸಿ) ಯಾಕೆ ಅಂತ ವೈವಾದಲ್ಲಿ ಖಂಡಿತ ಬರ್ತದೆ, ಊರಿನ ಸ್ಟೇಷನ್ ಹಾಕಿಯೇ ಲೆಕ್ಕ ಮಾಡಿ. ಮೀಡಿಯಮ್ ವೇವ್‌ನಲ್ಲಿ 1089 ಕಿಲೋಹರ್ಟ್ಸ್ ತೆಗೊಳ್ಳಿ: ಆಸಿಲೇಟರ್ 1544, ಇಮೇಜ್ (ಆಸಿಲೇಟರ್‌ನ ಆಚೆ ಬದಿಯಿಂದ ಅದೇ ಐಎಫ್‌ಗೆ ಬೀಳುವ ಬೇಡದ ಫ್ರೀಕ್ವೆನ್ಸಿ) 1999. ಕ್ಯೂ 50ರ ಒಂದೇ ಟ್ಯೂನ್ಡ್ ಸರ್ಕ್ಯೂಟ್ ಆ ಇಮೇಜನ್ನು 36 ಡೆಸಿಬೆಲ್ ತಗ್ಗಿಸ್ತದೆ. ಈಗ ಮಂಗಳೂರು ಆಕಾಶವಾಣಿಯ ಎಫ್‌ಎಂ 100.3 ಮೆಗಾಹರ್ಟ್ಸ್‌ಗೆ ಅದೇ 455 ಕಿಲೋ ಐಎಫ್ ಇಟ್ಟರೆ ಇಮೇಜ್ 101.21ರಲ್ಲಿ ಬೀಳ್ತದೆ, ತೀರಾ ಪಕ್ಕ. ಅದೇ ಕ್ಯೂ 50 ಅದನ್ನು 2.6 ಡೆಸಿಬೆಲ್ ಮಾತ್ರ ತಗ್ಗಿಸ್ತದೆ, ಇದ್ದೂ ಇಲ್ಲದ ಹಾಗೆ. 10.7 ಇಟ್ಟರೆ ಇಮೇಜ್ 121.7, ಸುಮಾರು 26 ಡೆಸಿಬೆಲ್. 21.4 ಮೆಗಾಹರ್ಟ್ಸ್ ಅಂತರ ಎಫ್‌ಎಂ ಬ್ಯಾಂಡ್‌ನ 20 ಮೆಗಾಹರ್ಟ್ಸ್ ಅಗಲಕ್ಕಿಂತ ಹೆಚ್ಚಾದ್ದರಿಂದ ಒಂದು ಎಫ್‌ಎಂ ಸ್ಟೇಷನ್ ಇನ್ನೊಂದರ ಇಮೇಜ್ ಆಗಲಿಕ್ಕೇ ಸಾಧ್ಯವಿಲ್ಲ.

121.7 ಇರುವುದು ವಿಮಾನದ ವಾಯ್ಸ್ ಬ್ಯಾಂಡ್‌ನಲ್ಲಿ, ಅಲ್ಲಿ ಎಎಂ. 100.3ಕ್ಕೆ ಆಸಿಲೇಟರ್ 111.0, ಅದು ರನ್‌ವೇಗೆ ದಾರಿ ತೋರಿಸುವ ಲೋಕಲೈಜರ್‌ನ 108–112 ಮೆಗಾಹರ್ಟ್ಸ್ ಒಳಗೆ. ವಿಮಾನದಲ್ಲಿ ಎಫ್‌ಎಂ ರೇಡಿಯೊ ಹಾಕಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಪ್ರೀ-ಎಂಫಸಿಸ್ (ಎಫ್‌ಎಂನಲ್ಲಿ ಕಳಿಸುವ ಮೊದಲು ಹೈ ಫ್ರೀಕ್ವೆನ್ಸಿ ಏರಿಸುವುದು) 75 ಮೈಕ್ರೊಸೆಕೆಂಡ್ ಅಂತ ಅಮೆರಿಕದ ಪಠ್ಯಗಳಲ್ಲಿ ಇರ್ತದೆ. ನಮ್ಮಲ್ಲಿ 50, ಕಾರ್ನರ್ 3183 ಹರ್ಟ್ಸ್. ಪ್ರಶ್ನೆಯಲ್ಲಿ ಕೊಟ್ಟದ್ದನ್ನು ಹಾಕಿ, ಕೊಡದಿದ್ದರೆ ಯಾವುದು ಅಂತ ಬರೆದು ಹಾಕಿ. ಮತ್ತೆ, ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್‌ಗೆ ಆಂಟೆನಾ ತಂತಿ ಕಟ್ಟಿ ಹಾಸ್ಟೆಲ್‌ಗೆ ಪ್ರಸಾರ ಮಾಡಲು ಹೋಗಬೇಡಿ, ಲೈಸೆನ್ಸ್ ಇಲ್ಲದೆ ಅದು ಅಪರಾಧ.

ನಾಲ್ಕನೇ_ಸೆಮ್_ಉಡುಪಿ
100 ಕಿಲೋ ಸರಣಿಯಲ್ಲಿ ಹಾಕಿ, 16 ವೋಲ್ಟ್ ಮಾಡಿದೆ. ಶೇ. 80ರಲ್ಲಿ ತಳ ದುಂಡಗೆ ಬಂತು. ರೆಕಾರ್ಡ್‌ಗೆ ಸರಿಯಾದ ತರಂಗ ಮಾತ್ರ ಬಿಡಿಸಿದರೆ ಸಾಕಾ ಸರ್?

ಹಳದಿ_ಐಎಫ್‌ಟಿ
ಸಾಲದು. ಮೂರು ಬಿಡಿಸಿ, ಮೂರಕ್ಕೂ ಪಕ್ಕದಲ್ಲಿ ಬೆಲೆಗಳನ್ನು ಬರೆಯಿರಿ. 10 ನ್ಯಾನೊ, ಎಂ 0.8, 100 ಕಿಲೋ ಸಹಿತ: ಸರಿಯಾದದ್ದು. ಅದರಲ್ಲೇ ಎಲ್‌ಎಂ386ಗೆ ಹೋಗುವ ತಂತಿಯನ್ನೂ 100 ಕಿಲೋವನ್ನೂ ತೆಗೆದು ಪಾಟ್ ನೇರ ಸೇರಿಸಿದ್ದು: ಚಪ್ಪಟೆ ತಳ, ಅನುಪಾತ 0.5. ಆಮೇಲೆ 100 ಕಿಲೋ ವಾಪಸ್ ಹಾಕಿ, ಕೆಪಾಸಿಟರ್ 47 ನ್ಯಾನೊ ಮಾಡಿ: ಆರ್‌ಸಿ 470, ಮಿತಿ 119, ಇಳಿಜಾರು ಓರೆಯಾಗಿ ಬರ್ತದೆ. ಎಂ 0.9 ತೋರಿಸುವುದಿದ್ದರೆ 4.7 ನ್ಯಾನೊಗೆ ಇಳಿಸಿ. ಆಗ ಕ್ಯಾರಿಯರ್ ರಿಪಲ್ ಸ್ವಲ್ಪ ಹೆಚ್ಚು ಕಾಣ್ತದೆ. 1 ಕಿಲೋ ಮತ್ತು 4.7 ನ್ಯಾನೊದ ಇನ್ನೊಂದು ಫಿಲ್ಟರನ್ನು ಕಪ್ಲಿಂಗ್ ಕೆಪಾಸಿಟರ್ ಆದ ಕೂಡಲೆ ಅಲ್ಲ, ಪಾಟ್‌ನ ನಡುಗಾಲಿಗೆ ಹಾಕಿ.